ಹೆಪ್ಪು

ಕೊಚ್ಚಿಯಿಂದ ಬಂದ ಪತ್ರದಲ್ಲಿ ಮೂರೇ ಸಾಲು:
ಸೆಪ್ಟೆಂಬರ್ ಮೂವತ್ತರ ನಂತರ ಈ ಆವೃತ್ತಿಗೆ ನಮ್ಮ ಬೆಂಬಲವಿಲ್ಲ,
ಹೊಸದನ್ನು ಕೊಳ್ಳತಕ್ಕದ್ದು,
ವಂದನೆಗಳು.

ಆಡಳಿತ ಮಂಡಳಿ
ಗೋಳಿಬಜೆ ತಿಂದು, ಚಹಾ ಕುಡಿದು,
ವಿಷಯವನ್ನು ಮುಂದಿನ ಸಭೆಗೆ ತಳ್ಳಿತು.
ಈಗ ಓಡುತ್ತಿದೆಯಲ್ಲ, ಎಂದರು ಅಧ್ಯಕ್ಷರು.
ಓಡುತ್ತಿದೆ ಸರ್, ಎಂದೆ.
ಬ್ರೇಕು ಹೋದ ಬಸ್ಸೂ ಇಳಿಜಾರಿನಲ್ಲಿ ಓಡುತ್ತದೆ
ಎನ್ನಲಿಲ್ಲ.

ನಮ್ಮ ಸಹಕಾರಿ ಬ್ಯಾಂಕಿಗೆ ಏಳು ಶಾಖೆ, ಏಳು ಸರ್ವರು:
ಮಂಜೇಶ್ವರ, ಉಪ್ಪಳ, ಕುಂಬಳೆ,
ಬದಿಯಡ್ಕ, ಪೆರ್ಲ, ಮುಳ್ಳೇರಿಯ,
ಮತ್ತೆ ಆದೂರು. ಅಲ್ಲಿ ಹಂಚು ಸೋರುತ್ತದೆಂದು
ಸರ್ವರಿನ ಮೇಲೊಂದು ಕೊಡೆ ಬಿಡಿಸಿಟ್ಟಿದ್ದಾರೆ.
ಪರದೆಯಲ್ಲಿ ನೋಡಿದರೆ ಎಲ್ಲ ಒಂದೇ ಮನೆ, ಒಂದೇ ಅಂಗಳ.
ಪೆರ್ಲದಲ್ಲಿ ತೆರೆದ ಕಡತ
ಪೆರ್ಲದಲ್ಲೇ ಇರಬೇಕೆಂದಿಲ್ಲ;
ತಾನೆಲ್ಲಿದ್ದೇನೆಂದು ಕಡತಕ್ಕೂ ತಿಳಿಯದು.
ರಾತ್ರಿ ಹನ್ನೊಂದೂವರೆಗೆ ಆ ಹಳೆಯ ತಂತ್ರಾಂಶ
ಏಳು ಊರನ್ನೂ ಗುಡಿಸಿ ತಂದು
ಕಾಸರಗೋಡಿನ ಟೇಪಿಗೆ ತುಂಬುತ್ತಿತ್ತು.
ಹನ್ನೆರಡು ವರ್ಷ.
ಒಂದು ದಿನ ರಜೆ ಕೇಳಿರಲಿಲ್ಲ.

ತುಲಾ ತಿಂಗಳ ಸಿಡಿಲಿಗೆ ಮುಳ್ಳೇರಿಯದ ಡಿಸ್ಕು ಸುಟ್ಟುಹೋಯಿತು.
ಟೇಪು ಹಾಕಿದೆ.
ಪರವಾನಗಿ ಮುಗಿದಿದೆ, ಎಂದಿತು.

ಎಲ್ಲ ಇದೆ ಅದರೊಳಗೆ:
ಚೋಮು ನಾಯ್ಕರ ಹೆಬ್ಬೆಟ್ಟು,
ಕುಸುಮಾವತಿ ಅಡವಿಟ್ಟ ಕರಿಮಣಿಯ ತೂಕ
ದಶಾಂಶ ಬಿಂದುವಿನ ಸಮೇತ,
ಯಾರ ಸಾಲಕ್ಕೆ ಯಾರು ಜಾಮೀನು ನಿಂತರೆಂಬ
ಊರಿನ ಅರ್ಧ ಜಗಳದ ಮೂಲ.
ಇದೆ. ಓದಿ ಹೇಳುವ ಬಾಯಿಗೆ ಮಾತ್ರ ಹೊಲಿಗೆ.

ಜಿಜೋಗೆ ಫೋನು ಮಾಡಿದೆ,
ಮಲಯಾಳದಲ್ಲೊಮ್ಮೆ, ಇಂಗ್ಲಿಷಿನಲ್ಲೊಮ್ಮೆ.
ಪಾಪ, ಎರಡರಲ್ಲೂ ಒಂದೇ ಉತ್ತರ:
ಚೇಚೀ, ಅದನ್ನು ಬಲ್ಲವರು ಈಗ ಕಂಪನಿಯಲ್ಲಿಲ್ಲ.

ಆಮೇಲೆ ನಾನು ಮಾಡಿದ್ದನ್ನು
ಯಾವ ವರದಿಯಲ್ಲೂ ಬರೆದಿಲ್ಲ.
ಯಂತ್ರದ ಗಡಿಯಾರವನ್ನು ಹಿಂದಕ್ಕೆ ತಿರುಗಿಸಿದೆ,
ಸೆಪ್ಟೆಂಬರ್ ಹನ್ನೊಂದಕ್ಕೆ.
ಕೆಮ್ಮಿದ ಹಾಗೆ ಒಂದು ಸದ್ದು, ಟೇಪು ತಿರುಗಿತು.
ಟಾರ್ಚು ಹಿಡಿದು ನಿಂತಿದ್ದ ಅಟೆಂಡರ್ ಸೀದಿಕುಂಞಿ
ಪರದೆಯ ಮೂಲೆಯ ತಾರೀಕು ನೋಡಿದ.
ಅಂದು ಅವನ ಉಮ್ಮ ಕುಂಬಳೆಯ ಆಸ್ಪತ್ರೆಯಲ್ಲಿ
ಎದ್ದು ಕೂತು ಗಂಜಿ ಕುಡಿದಿದ್ದರು.
ಅವನು ಏನೂ ಹೇಳಲಿಲ್ಲ, ಟಾರ್ಚನ್ನೂ ಆರಿಸಲಿಲ್ಲ,
ಕರೆಂಟು ಬಂದಿದ್ದರೂ.

ಬೆಳಗಿನೊಳಗೆ ಮುಳ್ಳೇರಿಯ ಮರಳಿ ಬಂತು.
ಮೂರು ಕಡತ ಬರಲಿಲ್ಲ.
ಕನ್ನಡದಲ್ಲಿ ಹೆಸರಿಟ್ಟವು ಕೆಲವು
ಬರೀ ಪ್ರಶ್ನೆಚಿಹ್ನೆಗಳಾಗಿ ಸಾಲುಗಟ್ಟಿ ನಿಂತವು.
ಒಂದೊಂದನ್ನೇ ತೆರೆದು, ನೀನ್ಯಾರ ಮಗ ಎಂದು ಕೇಳಿ,
ಮತ್ತೆ ಹೆಸರಿಟ್ಟೆ.

ನಮ್ಮ ಕೇರಿಯಲ್ಲಿ ಮೊಸರು ಕೆಟ್ಟ ದಿನ
ಬಟ್ಟಲು ಜೂಲಿಯಾನಾ ಬಾಯಿಯ ಮನೆಗೆ ಹೋಗುತ್ತದೆ.
ಅವರದು ಕೆಟ್ಟರೆ ನಮ್ಮಲ್ಲಿಗೆ ಬರುತ್ತದೆ.
ಮೊದಲ ಹೆಪ್ಪು ಯಾರ ಮನೆಯದೋ
ಕೇಳಿದವರಿಲ್ಲ; ಒಂದು ಮನೆಯಲ್ಲಿದ್ದರೆ ಸಾಕು,
ಕೇರಿಗೆಲ್ಲ ಮೊಸರು.

ಈಗ ಪೆರ್ಲದ್ದೊಂದು ಚಮಚ ಬದಿಯಡ್ಕದಲ್ಲಿ,
ಬದಿಯಡ್ಕದ್ದು ಕುಂಬಳೆಯಲ್ಲಿ,
ಆದೂರಿನದು, ಕೊಡೆಯ ನೆನಪಾಗಿ, ಎರಡು ಕಡೆ.
ಯಾರ ಪರವಾನಗಿಯೂ ಬೇಡದ ಬರಿ ನಕಲು,
ನಾನೇ ಬರೆದ ನಲವತ್ತು ಸಾಲಿನ ಆಜ್ಞೆ.
ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದಂತೆ.
ನಾವು ಕೊಡುವುದೇ ಹನ್ನೊಂದೂವರೆಗೆ.
ಶನಿವಾರ ಯಾವುದಾದರೊಂದನ್ನು ತೆರೆದು
ರುಚಿ ನೋಡುತ್ತೇನೆ.

ಹಳೆಯ ಟೇಪು ಇನ್ನೂ ನಾನೂರ ಹದಿನಾರಿವೆ.
ಅವನ್ನೋದುವ ಆ ಯಂತ್ರ ಮೂಲೆಯಲ್ಲಿದೆ.
ತಾರೀಕು ಸರಿಪಡಿಸಬಾರದು ಎಂದು ಚೀಟಿ ಅಂಟಿಸಿದ್ದೇನೆ.
ಅದು ಅಕ್ಟೋಬರಿನ ಹತ್ತಿರ ಹತ್ತಿರ ಬಂದಾಗ
ಮತ್ತೆ ಹನ್ನೊಂದಕ್ಕೆ ತಳ್ಳುತ್ತೇನೆ.
ಕಚೇರಿಯ ಉಳಿದ ಮೇಜುಗಳನ್ನು ಯಾರೋ ಗುಡಿಸುತ್ತಾರೆ.
ಅದರ ಧೂಳನ್ನು
ಸೀದಿಕುಂಞಿಯೇ ಒರೆಸುತ್ತಾನೆ.